ಮೊದಲು ನಿನ್ನ ಮನೆಯ ರಾತ್ರಿ ನೋಡು

ತಂಗಿ, ಗಿಡ ತರಿಸುವ ಮೊದಲು ಒಂದು ಥರ್ಮಾಮೀಟರ್ ತಗೊ. ಹಗಲಿನ ಅತಿ ಹೆಚ್ಚು ಉಷ್ಣತೆ, ರಾತ್ರಿಯ ಅತಿ ಕಡಿಮೆ ಉಷ್ಣತೆ ಎರಡನ್ನೂ ನೆನಪಿಟ್ಟುಕೊಂಡು, ಗಾಳಿಯ ತೇವಾಂಶವನ್ನೂ ತೋರಿಸುವ ಅಂಗೈಯಗಲದ ಡಿಜಿಟಲ್ ಯಂತ್ರ ಈಗ ಸುಲಭವಾಗಿ ಸಿಗುತ್ತದೆ. ನೀನು ಕೊಳ್ಳಬೇಕೆಂದಿರುವ ಆರ್ಕಿಡ್‌ಗಿಂತ ಅದು ಅಗ್ಗ. ಅದನ್ನು ಕೆಲವು ದಿನ ಗಚ್ಚಿಯ ಮೇಲಿಡು, ಕೆಲವು ದಿನ ಮೂಡಣ ದಿಕ್ಕಿನ ಬಾಲ್ಕನಿಯಲ್ಲಿಡು, ಕೆಲವು ದಿನ ಹಿತ್ತಲಲ್ಲಿ ಪೇರಲ ಗಿಡದ ನೆರಳಿಗಿಡು. ದಿನಾ ಬೆಳಿಗ್ಗೆ ಚಹಾ ಕುಡಿಯುವಾಗ ಹಿಂದಿನ ರಾತ್ರಿಯ ಅಂಕಿಯನ್ನು ಒಂದು ವಹಿಯಲ್ಲಿ ಬರೆದಿಡು. ಹಗಲಿನದ್ದನ್ನೂ ಬರೆ, ಆದರೆ ಕಣ್ಣು ರಾತ್ರಿಯ ಮೇಲಿರಲಿ.

ನೀನು ಫೋನಿನಲ್ಲಿ ತೋರಿಸಿದ ಆ ಮಾಸ್ಡೆವಾಲಿಯಾ ಹೂ ನನಗೂ ಬಹಳ ಹಿಡಿಸಿತು. ಮೂರು ಮೂಲೆಯ ಕೇಸರಿ ಹೂ, ಮೂಲೆಗೊಂದು ಬಾಲ. ಅದರ ಪಕ್ಕದಲ್ಲಿ ಲೆಪ್ಯಾಂಥಿಸ್ ಎಂಬ ಇನ್ನೊಂದಿತ್ತು. ಅದರ ಹೂವೇ ಕೆಲವು ಮಿಲಿಮೀಟರ್ ಅಗಲ, ಭೂತಕನ್ನಡಿ ಹಿಡಿದು ನೋಡಬೇಕು. ಅಂಗೈಯಲ್ಲಿ ಹಿಡಿಸುವ ಗಿಡ, ಕಿಟಕಿಯ ಒಂದು ಹಲಗೆಯ ಮೇಲೆ ಇಪ್ಪತ್ತು ಇಡಬಹುದು, ಬೆಳಗಾವಿಯ ಮಹಾಂತೇಶ ನಗರದ ಸಣ್ಣ ಪ್ಲಾಟಿನ ಮನೆಗೆ ಇದಕ್ಕಿಂತ ಹೊಂದುವ ಹವ್ಯಾಸ ಇಲ್ಲ ಎಂದು ನೀನು ಹೇಳಿದ್ದು ನಿಜ. ಜಾಗದ ಲೆಕ್ಕ ಸರಿಯಾಗಿದೆ. ಹವೆಯ ಲೆಕ್ಕವನ್ನು ಮಾತ್ರ ಇಬ್ಬರೂ ಕೂತು ಮಾಡೋಣ.

ಎಲೆ ಹಗಲಿನಲ್ಲಿ ಬಿಸಿಲು ಹಿಡಿದು ಸಕ್ಕರೆ ಮಾಡಿಕೊಳ್ಳುತ್ತದೆ. ರಾತ್ರಿ ಅದೇ ಸಕ್ಕರೆಯನ್ನು ಉರಿಸಿ ಉಸಿರಾಡುತ್ತದೆ. ರಾತ್ರಿ ಬೆಚ್ಚಗಿದ್ದಷ್ಟೂ ಉರಿಯುವ ವೇಗ ಹೆಚ್ಚು. ಆಂಡೀಸ್ ಬೆಟ್ಟಗಳಲ್ಲಿ, ಕೊಲಂಬಿಯಾ, ಈಕ್ವಡಾರ್, ಪೆರು ದೇಶಗಳ ಮೋಡ ಮುಸುಕಿದ ಕಾಡಿನಲ್ಲಿ, 2,000ದಿಂದ 3,000 ಮೀಟರ್ ಎತ್ತರದಲ್ಲಿ ಬೆಳೆದ ಗಿಡ ತನ್ನ ಜಮಾಖರ್ಚನ್ನು 10-12 ಡಿಗ್ರಿಯ ರಾತ್ರಿಗೆ ಹೊಂದಿಸಿಕೊಂಡಿದೆ. 21 ಡಿಗ್ರಿಯ ರಾತ್ರಿ ಅದಕ್ಕೆ ಒಂದೆರಡು ಬಂದರೆ ತಡೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ಬಂದರೆ ಹಗಲು ಗಳಿಸಿದ್ದೆಲ್ಲ ಇರುಳಿಗೆ ಖರ್ಚಾಗುತ್ತದೆ. ಹೊಸ ಎಲೆ ಹಳೆಯದಕ್ಕಿಂತ ಗಿಡ್ಡ ಬರುತ್ತದೆ, ಅದರ ನಂತರದ್ದು ಇನ್ನೂ ಗಿಡ್ಡ, ಬುಡದಲ್ಲಿ ಕಪ್ಪು ಕಾಣಿಸಿಕೊಳ್ಳುತ್ತದೆ. ಸಾಕುವವರು ನೀರು ಕಡಿಮೆಯಾಯಿತೆಂದು ಇನ್ನಷ್ಟು ನೀರು ಹಾಕುತ್ತಾರೆ. ಮಾಸ್ಡೆವಾಲಿಯಾ ಕುಲಕ್ಕೆ ನಮ್ಮ ಡೆಂಡ್ರೋಬಿಯಂಗಳಿಗಿರುವಂಥ ದಪ್ಪ ಕಾಂಡಗಡ್ಡೆ ಕೂಡ ಇಲ್ಲ, ಆಪತ್ತಿಗೆ ಕೂಡಿಟ್ಟ ನೀರಾಗಲಿ ಆಹಾರವಾಗಲಿ ಬಹಳ ಇರುವುದಿಲ್ಲ.

ಇದನ್ನು ಕಲಿಯಲು ಇಂಗ್ಲೆಂಡಿನ ಸಿರಿವಂತರಿಗೇ ಬಹಳ ವರ್ಷ ಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅವರು ಉಷ್ಣವಲಯದ ಗಿಡ ಎಂದರೆ ಬಿಸಿ ಬೇಕು ಎಂದುಕೊಂಡು, ಗಾಜಿನ ಮನೆ ಕಟ್ಟಿ, ಒಲೆ ಹಚ್ಚಿ, ಬಾಗಿಲು ಮುಚ್ಚಿ ಬೆಟ್ಟದ ಆರ್ಕಿಡ್‌ಗಳನ್ನು ಹಬೆಯಲ್ಲಿ ಕೂಡಿಹಾಕಿದರು. ಹಡಗುಗಟ್ಟಲೆ ಗಿಡ ಬಂದವು, ಹಡಗುಗಟ್ಟಲೆ ಸತ್ತವು. 1860ರ ದಶಕದಲ್ಲಿ ಜೇಮ್ಸ್ ಬೇಟ್‌ಮನ್‌ನಂಥವರು ಬೆಟ್ಟದ ಗಿಡಕ್ಕೆ ತಂಪು ಕೊಡಿ, ಗಾಳಿ ಬಿಡಿ ಎಂದು ಬರೆದು ತೋರಿಸಿದ ಮೇಲೆ ಪದ್ಧತಿ ಬದಲಾಯಿತು. ಉಷ್ಣವಲಯದಲ್ಲೂ ಎತ್ತರ ಏರಿದರೆ ಚಳಿಯಿದೆ ಎಂಬ ಸರಳ ವಿಷಯ ಅಷ್ಟೊಂದು ಗಿಡಗಳ ಜೀವ ತೆಗೆದುಕೊಂಡಿತು.

ಈಗ ನಮ್ಮ ಊರಿಗೆ ಬಾ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು ಎಂಬ ಅಂದಾಜು ಹಿಡಿದರೆ, 2,500 ಮೀಟರಿನ ಗಿಡಕ್ಕೂ ನಮಗೂ ನಡುವೆ ಸುಮಾರು 10 ಡಿಗ್ರಿ ಅಂತರ. ಬೆಳಗಾವಿ ತಂಪು ಊರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹುಬ್ಬಳ್ಳಿ, ಬಾಗಲಕೋಟೆಯಿಂದ ಬಂದ ನೆಂಟರೂ ಒಪ್ಪುತ್ತಾರೆ. ಆದರೆ ಆ ತಂಪು ಯಾವಾಗ, ಹೇಗೆ ಬರುತ್ತದೆ ಎಂದು ವಹಿಯಲ್ಲಿ ನೋಡು. ಮಳೆಗಾಲದಲ್ಲಿ ಹಗಲು 25-26ರ ಆಸುಪಾಸು, ಬಹಳ ಹಿತ. ಗಾಳಿಯಲ್ಲಿ ತೇವ ತುಂಬಿರುತ್ತದೆ. ರಾತ್ರಿ ಮಾತ್ರ 20ಕ್ಕಿಂತ ಹೆಚ್ಚು ಕೆಳಗೆ ಹೋಗುವುದಿಲ್ಲ. ದೀಪಾವಳಿ ದಾಟಿದ ಮೇಲೆ ರಾತ್ರಿ 14-15ಕ್ಕೆ ಇಳಿಯುತ್ತದೆ, ಒಮ್ಮೊಮ್ಮೆ 10ರ ಹತ್ತಿರವೂ ಹೋಗುತ್ತದೆ. ಆಗ ಮೂಡಗಾಳಿ ಬೀಸಿ ತುಟಿ ಒಡೆಯುತ್ತದೆ, ತೇವ ಇರುವುದಿಲ್ಲ. ಅಂದರೆ ನಮ್ಮಲ್ಲಿ ತೇವ ಇದ್ದಾಗ ರಾತ್ರಿ ತಣ್ಣಗಿಲ್ಲ, ರಾತ್ರಿ ತಣ್ಣಗಾದಾಗ ತೇವ ಇಲ್ಲ. ಆಂಡೀಸ್‌ನ ಮೋಡದ ಕಾಡಿನಲ್ಲಿ ಇವೆರಡೂ ವರ್ಷದ ಎಲ್ಲ ರಾತ್ರಿ ಜೊತೆಯಾಗಿಯೇ ಇರುತ್ತವೆ. ಚೈತ್ರ, ವೈಶಾಖದ ಮಾತು ಬೇರೆಯೇ. ಆಗ ಹಗಲು 36ರ ತನಕ ಏರುತ್ತದೆ.

ಇದನ್ನು ಕೇಳಿ ಕೈಬಿಡಬೇಡ. ತಂಪು ಬೇಡುವ ಪುಟ್ಟ ಆರ್ಕಿಡ್‌ಗಳಲ್ಲಿ ಎರಡು ಬಗೆಯಿವೆ. ಒಂದಕ್ಕೆ ವರ್ಷವಿಡೀ ತಂಪು ಬೇಕು. ಇನ್ನೊಂದಕ್ಕೆ ಚಳಿಗಾಲದಲ್ಲಿ ಒಂದಿಷ್ಟು ತಂಪು, ಒಣ ವಿಶ್ರಾಂತಿ ಸಿಕ್ಕರೆ ಸಾಕು, ಬೇಸಿಗೆಯ ಕಾವು, ಮಳೆಯ ತೇವ ಎರಡನ್ನೂ ಅವು ಪ್ರೀತಿಯಿಂದ ತೆಗೆದುಕೊಳ್ಳುತ್ತವೆ. ಈ ಎರಡನೆಯ ಬಗೆಗೆ ಮಹಾಂತೇಶ ನಗರ ಒಳ್ಳೆಯ ಜಾಗ. ನಿನ್ನ ಮೊದಲ ಗಿಡಗಳು ಇವುಗಳಲ್ಲಿಯೇ ಇರಲಿ ಎಂಬುದು ನನ್ನ ಒತ್ತಾಯ.

ಜಪಾನಿನ ನಿಯೋಫಿನೆಟಿಯಾ ಇದೆಯಲ್ಲ, ಅದನ್ನು ಮೊದಲು ತರಿಸು. ಗೇಣುದ್ದಕ್ಕಿಂತ ಸಣ್ಣ ಗಿಡ, ಬಿಳಿ ಹೂ, ಹೂವಿನ ಹಿಂದೆ ಉದ್ದನೆಯ ಬಾಗಿದ ನಾಳ. ಸಂಜೆಯಾದ ಮೇಲೆ ಪರಿಮಳ ಬಿಡುತ್ತದೆ, ಪತಂಗಗಳನ್ನು ಕರೆಯುವ ಗಿಡ ಅದು. ಎಡೊ ಕಾಲದ ಜಪಾನಿನಲ್ಲಿ ದೊರೆಗಳು, ಸಾಮುರಾಯಿಗಳು ಇದನ್ನು ಒಂದೊಂದೇ ಕುಂಡದಲ್ಲಿಟ್ಟು ಸಾಕುತ್ತಿದ್ದರು. ಎಲೆಯ ಆಕಾರ, ಅಂಚಿನ ಬಿಳಿ ಗೆರೆ, ಬೇರಿನ ತುದಿಯ ಬಣ್ಣ ಇವನ್ನೆಲ್ಲ ನೋಡಿ ತಳಿಗಳನ್ನು ಆರಿಸಿದರು. ಆ ಪದ್ಧತಿ ಇವತ್ತಿಗೂ ಅಲ್ಲಿ ನಡೆದಿದೆ. ಚಳಿಗಾಲದಲ್ಲಿ ಎಲೆ ಸ್ವಲ್ಪ ಸುಕ್ಕಾಗುವಷ್ಟು ಒಣಗಿಸಿದರೂ ಅದು ಸಾಯುವುದಿಲ್ಲ. ಸ್ಫ್ಯಾಗ್ನಂ ಪಾಚಿಯನ್ನು ನಡುವೆ ಪೊಳ್ಳು ಬಿಟ್ಟು ಗುಮ್ಮಟದ ಹಾಗೆ ಕಟ್ಟಿ ಮೇಲೆ ಗಿಡ ಕೂರಿಸುತ್ತಾರೆ. ಪೊಳ್ಳಿನಲ್ಲಿ ಗಾಳಿ ಆಡುವುದರಿಂದ ಬೇರು ಕೊಳೆಯುವುದಿಲ್ಲ. ನಮ್ಮ ಆಷಾಢ, ಶ್ರಾವಣದ ಜಿಟಿಜಿಟಿ ಮಳೆಗೆ ಈ ಉಪಾಯ ಹೇಳಿ ಮಾಡಿಸಿದ್ದು.

ಎರಡನೆಯದು ಆಸ್ಟ್ರೇಲಿಯಾದ ಪೂರ್ವ ಭಾಗದ ಡೆಂಡ್ರೋಬಿಯಂ ಕಿಂಗಿಯಾನಂ. ಅಲ್ಲಿ ಬಂಡೆಗಳ ಮೇಲೆ ಬೆಳೆಯುತ್ತದೆ. ಅದರ ಗಿಡ್ಡ ತಳಿಗಳನ್ನೇ ಕೇಳಿ ತಗೊ. ದೀಪಾವಳಿಯಿಂದ ಶಿವರಾತ್ರಿಯ ತನಕ ನೀರನ್ನು ಬಹಳ ಕಡಿಮೆ ಮಾಡಿ, ರಾತ್ರಿಯ ಚಳಿಗೆ ಹೊರಗೇ ಬಿಡಬೇಕು. ಕರುಣೆ ಬಂದು ಆಗಲೂ ನೀರು ಹಾಕಿದರೆ ಹೂ ಬರಬೇಕಾದ ಗಂಟಿನಲ್ಲಿ ಮರಿಗಿಡ ಬರುತ್ತದೆ. ಬೆಳಗಾವಿಯ ಮಾರ್ಗಶಿರ, ಪುಷ್ಯ ಮಾಸದ ರಾತ್ರಿಗಳು ಇದಕ್ಕೆ ಕೂಲರ್, ಕರೆಂಟು ಯಾವುದೂ ಇಲ್ಲದೆ ಮೊಗ್ಗು ಕೊಡಿಸುತ್ತವೆ.

ಆದರೆ ಈ ಚಳಿ-ಒಣ-ಮಳೆಯ ತಾಳಕ್ಕೆ ನಿಜವಾಗಿ ಹುಟ್ಟಿಬಂದ ಪುಟ್ಟ ಗಿಡಗಳು ಜಪಾನಿನಲ್ಲೂ ಆಸ್ಟ್ರೇಲಿಯಾದಲ್ಲೂ ಅಲ್ಲ, ನಮ್ಮ ಪಕ್ಕದ ಸಹ್ಯಾದ್ರಿಯಲ್ಲೇ ಇವೆ. ಖಾನಾಪುರ ದಾಟಿ ಜಾಂಬೋಟಿಯ ಕಡೆ ಹೊರಳಿದರೆ ಹವೆಯೇ ಬದಲಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ನಮ್ಮ ಊರಿನ ಮೂರು ಪಟ್ಟಿಗೂ ಹೆಚ್ಚು ಮಳೆ. ಆ ದಾರಿಯ ಹಳೆಯ ಮಾವು, ನೇರಳೆ, ಮತ್ತಿಯ ಮರಗಳ ಕೊಂಬೆಗಳನ್ನು ಮಳೆಗಾಲದಲ್ಲಿ ತಲೆಯೆತ್ತಿ ನೋಡು. ಸೀತಾಳೆ ದಂಡೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಮೊಳದುದ್ದದ ಗುಲಾಬಿ ಗೊಂಚಲು ಇಳಿಬಿಟ್ಟಿರುತ್ತದೆ; ಅದೇ ಹೂವು ಅಸ್ಸಾಮಿಗೂ ಅರುಣಾಚಲಕ್ಕೂ ರಾಜ್ಯದ ಹೂವು. ನಾನು ಹೇಳಬೇಕೆಂದಿರುವುದು ಅದರ ಪಕ್ಕದ ಪಾಚಿಯೊಳಗೆ ಅಡಗಿರುವ ಸಣ್ಣವುಗಳ ವಿಷಯ.

ಪೋರ್ಪ್ಯಾಕ್ಸ್ ಎಂಬುದೊಂದಿದೆ. ತೊಗಟೆಗೆ ಅಂಟಿದ ಚಪ್ಪಟೆ ಗುಂಡಿಗಳು, ಮೇಲೆ ಬಲೆಯಂಥ ತೆಳು ಹೊದಿಕೆ, ಮಳೆ ಹಿಡಿದಾಗ ಒಂದು ಜೋಡಿ ಎಲೆ. ಬೇಸಿಗೆಯಲ್ಲಿ ನೋಡಿದರೆ ಗಿಡ ಎಂದು ಗೊತ್ತೇ ಆಗುವುದಿಲ್ಲ. ಓಬೆರೋನಿಯಾ ಬೀಸಣಿಗೆಯ ಹಾಗೆ ಚಪ್ಪಟೆ ಎಲೆ ಜೋಡಿಸಿಕೊಂಡು ತೂಗುತ್ತದೆ. ಅದರ ಒಂದೊಂದು ಹೂ ಒಂದೆರಡು ಮಿಲಿಮೀಟರ್, ನೂರಾರು ಹೂಗಳ ತೆನೆ. ಡೆಂಡ್ರೋಬಿಯಂ ಮೈಕ್ರೋಬಲ್ಬಾನ್ ಮಳೆ ನಿಂತ ಮೇಲೆ ಎಲೆ ಉದುರಿಸಿ ಬರಿ ಗಡ್ಡೆಯಿಂದ ಹೂ ಬಿಡುತ್ತದೆ. ಪಶ್ಚಿಮಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ ಬಲ್ಬೋಫಿಲ್ಲಂ ಫಿಂಬ್ರಿಯಾಟಂ ಒಣ ಹವೆಯಲ್ಲಿ, ಎಲೆಯಿಲ್ಲದ ಹೊತ್ತಿನಲ್ಲಿ, ಕೊಡೆಯಾಕಾರದ ಗೊಂಚಲು ಎತ್ತುತ್ತದೆ. ಸ್ಮಿತ್ಸೋನಿಯಾ ಎಂಬ ಇನ್ನೊಂದು ಪುಟ್ಟ ಕುಲಕ್ಕೆ ಆ ಹೆಸರಿಟ್ಟವರು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಪಾದ್ರಿ, ಸಸ್ಯಶಾಸ್ತ್ರಜ್ಞ ಸಿಸಿಲ್ ಸಲ್ಡಾನ್ಹಾ. 1970ರ ದಶಕದಲ್ಲಿ ಹಾಸನ ಜಿಲ್ಲೆಯ ಸಸ್ಯಗಳನ್ನು ಅವರು ಪಟ್ಟಿ ಮಾಡುವಾಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಜೊತೆಗೂಡಿತ್ತು, ಆ ಗೌರವಕ್ಕೆ ಈ ಹೆಸರು. ಅವರ ಹಾಸನ ಜಿಲ್ಲೆಯ ಸಸ್ಯಸಂಪುಟ 1976ರಲ್ಲಿ ಹೊರಬಂತು. ಇನ್ನೂ ಹಿಂದೆ ಹೋದರೆ, ಮುಂಬೈ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಡಾಲ್ಜೆಲ್ ಅವರು ಗಿಬ್ಸನ್ ಜೊತೆ 1861ರಲ್ಲಿ ಪ್ರಕಟಿಸಿದ ಬಾಂಬೆ ಫ್ಲೋರಾ ಪುಸ್ತಕ ಇದೆ. ಆಗ ಬೆಳಗಾವಿ ಆ ಪ್ರಾಂತದಲ್ಲೇ ಇತ್ತು. ನಮ್ಮ ಘಟ್ಟದ ಸಣ್ಣ ಆರ್ಕಿಡ್‌ಗಳ ಹೆಸರಿನ ಕೊನೆಯಲ್ಲಿ ಡಾಲ್ಜೆಲ್ ಎಂಬ ಹೆಸರು ಕಂಡರೆ ಆ ಕಾಲದ ಅಲೆದಾಟದ ಗುರುತು ಎಂದು ತಿಳಿ.

ಇವನ್ನು ನೋಡಿದ ಮೇಲೆ ಕಿತ್ತು ತರುವ ಆಸೆ ಬಂದೇ ಬರುತ್ತದೆ. ಇಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ ತಂಗಿ, ತರಬೇಡ. ಆ ಕಡೆಯ ಭೀಮಗಡದ ಕಾಡು 2011ರಿಂದ ವನ್ಯಜೀವಿಧಾಮ. ಅಲ್ಲಿಂದ ಒಂದು ಗಿಡ ತೆಗೆಯುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಉಳಿದ ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಿದೆ. ಆರ್ಕಿಡ್ ಕುಟುಂಬದ ಎಲ್ಲ ಗಿಡಗಳೂ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವುದರಿಂದ ದೇಶದ ಗಡಿ ದಾಟಿಸಲೂ ಕಾಗದಪತ್ರ ಬೇಕು. ಕಾನೂನಿನ ಮಾತು ಹಾಗಿರಲಿ. ಕೊಂಬೆಯಿಂದ ಕಿತ್ತಾಗ ಬೇರಿನ ತುದಿಗಳೆಲ್ಲ ತೊಗಟೆಯಲ್ಲೇ ಮುರಿದು ಉಳಿಯುತ್ತವೆ, ಮನೆಗೆ ಬರುವುದು ಬೇರಿಲ್ಲದ ಗಿಡ. ಜೊತೆಗೆ ಆ ತೊಗಟೆಯಲ್ಲಿ ಒಂದು ಶಿಲೀಂಧ್ರ ಇರುತ್ತದೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಬುತ್ತಿ ಇಲ್ಲ. ಆ ಶಿಲೀಂಧ್ರ ಉಣಿಸಿದರೆ ಮಾತ್ರ ಮೊಳೆಯುತ್ತದೆ. ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜವಿದ್ದರೂ ಕಾಡಿನಲ್ಲಿ ಒಂದು ಗಿಡ ಹೂ ಬಿಡುವ ಮಟ್ಟಕ್ಕೆ ಬರುವುದು ಅಪರೂಪ, ಅದಕ್ಕೂ ವರ್ಷಗಳು ಬೇಕು. ಸಂತೆಯಲ್ಲಿ ಯಾರಾದರೂ ಚೀಲದಲ್ಲಿ ಕಾಡಿನ ಗಿಡ ತಂದು ಅಗ್ಗಕ್ಕೆ ಕೊಡುತ್ತೇನೆಂದರೆ ಅಲ್ಲಿಂದ ಸುಮ್ಮನೆ ಮುಂದೆ ಹೋಗು. ನೀನು ಕೊಂಡರೆ ಆತ ಮುಂದಿನ ವಾರ ಮತ್ತೊಂದು ಮರ ಹತ್ತುತ್ತಾನೆ.

ಮಳೆಗಾಳಿಗೆ ಕೊಂಬೆ ಮುರಿದು ನಿಮ್ಮ ಸಂಬಂಧಿಕರ ಹೊಲದಲ್ಲೇ ಬಿದ್ದಿದ್ದರೆ, ಅದನ್ನು ಅದೇ ಮರದ ಗಟ್ಟಿ ಕೊಂಬೆಗೆ ಹತ್ತಿಯ ದಾರದಿಂದ ಕಟ್ಟಿಬಿಡು, ಒಂದು ಮಳೆಗಾಲದಲ್ಲಿ ಬೇರು ಹಿಡಿಯುತ್ತದೆ. ಹೊಲದವರಿಗೆ ಇನ್ನೊಂದು ಮಾತನ್ನೂ ತಿಳಿಸು. ಬಹಳ ಜನ ಇವನ್ನು ಬದನಿಕೆ ಎಂದುಕೊಂಡು ಮಾವಿನ ಮರದಿಂದ ಕೆತ್ತಿ ಹಾಕುತ್ತಾರೆ. ಬದನಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಆರ್ಕಿಡ್ ತೊಗಟೆಯ ಮೇಲೆ ಬರೀ ಕೂತಿರುತ್ತದೆ, ಮಳೆ ಮತ್ತು ಗಾಳಿಯ ತೇವವೇ ಅದರ ನೀರು. ಮರಕ್ಕೆ ಅದರಿಂದ ಹಾನಿಯಿಲ್ಲ.

ಕಾಡಿಗೆ ಹೋಗುವುದನ್ನು ಮಾತ್ರ ಬಿಡಬೇಡ. ಗಿಡ ಕೊಂಬೆಯ ಮೇಲುಭಾಗದಲ್ಲಿದೆಯೋ ಪಕ್ಕದಲ್ಲಿದೆಯೋ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಸುತ್ತ ಪಾಚಿ ಎಷ್ಟು ದಪ್ಪ, ಮಳೆ ನಿಂತ ಎಷ್ಟು ಹೊತ್ತಿಗೆ ಬೇರು ಒಣಗಿ ಬೆಳ್ಳಿಬಣ್ಣಕ್ಕೆ ತಿರುಗುತ್ತದೆ, ಇವನ್ನು ನಿಂತು ನೋಡು. ಆರ್ಕಿಡ್ ಬೇರಿನ ಮೇಲೆ ಸ್ಪಂಜಿನಂಥ ಸತ್ತ ಕೋಶಗಳ ಹೊದಿಕೆಯಿದೆ. ನೀರು ಬಿದ್ದೊಡನೆ ಕುಡಿದು ಒಳಗಿನ ಹಸಿರು ಕಾಣಿಸುತ್ತದೆ, ಒಣಗಿದಾಗ ಬೆಳ್ಳಗಾಗುತ್ತದೆ. ಮನೆಯಲ್ಲಿ ಯಾವಾಗ ನೀರು ಹಾಕಬೇಕು ಎಂದು ಕೇಳುತ್ತಿದ್ದೆಯಲ್ಲ, ಬೇರಿನ ಬಣ್ಣವೇ ಅದನ್ನು ಹೇಳುತ್ತದೆ.

ಇನ್ನು ಮನೆಯಲ್ಲಿ ಎಲ್ಲಿಡಬೇಕು? ಎಲ್ಲರೂ ಗಚ್ಚಿಯ ಮೇಲೆ ಹಸಿರು ನೆಟ್ ಕಟ್ಟುತ್ತಾರೆ. ಸಣ್ಣ ಆರ್ಕಿಡ್‌ಗೆ ಅದು ಸರಿಯಾದ ಜಾಗವಲ್ಲ. ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಕುಡಿದ ಕಾವನ್ನು ನಡುರಾತ್ರಿಯ ತನಕ ಬಿಡುತ್ತಲೇ ಇರುತ್ತದೆ. ನಿನ್ನ ವಹಿಯಲ್ಲಿ ಗಚ್ಚಿಯ ಅಂಕಿಯನ್ನೂ ಹಿತ್ತಲಿನ ಅಂಕಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನಿನಗೇ ಗೊತ್ತಾಗುತ್ತದೆ. ನೆಲ, ಮರದ ನೆರಳು, ಒಂದಿಷ್ಟು ಹಸಿಮಣ್ಣು ಇರುವ ಹಿತ್ತಲು ಬೇಗ ತಣ್ಣಗಾಗುತ್ತದೆ. ಬೆಳಗಿನ ಎಳೆಬಿಸಿಲು ಒಂಬತ್ತು, ಒಂಬತ್ತೂವರೆಯ ತನಕ ಬಿದ್ದು ಆಮೇಲೆ ನೆರಳಾಗುವ ಜಾಗ ಆರಿಸು. ಪಡುವಣ ಗೋಡೆ ಬೇಡ. ಮಳೆಗಾಲದಲ್ಲಿ ಪಡುವಣ ಗಾಳಿ ಎರಚಲು ತಂದು ಬಡಿಯುವುದೂ ಅದೇ ಕಡೆಯಿಂದ, ಪುಟ್ಟ ಗಿಡ ದಿನಗಟ್ಟಲೆ ನೆನೆದರೆ ಕೊಳೆರೋಗ ಹಿಡಿಯುತ್ತದೆ. ಆ ನಾಲ್ಕು ತಿಂಗಳು ಮೇಲೆ ಪಾರದರ್ಶಕ ಪತರಾ ಇರಲಿ, ನಾಲ್ಕೂ ಕಡೆ ತೆರೆದಿರಲಿ.

ಬೇಸಿಗೆಗೆ ಒಂದು ಉಪಾಯ ಹೇಳುತ್ತೇನೆ, ಇದು ನನಗೆ ಬಹಳ ಇಷ್ಟದ್ದು. ಖಾನಾಪುರದ ಕುಂಬಾರಿಕೆ ನಿನಗೆ ಗೊತ್ತೇ ಇದೆ, ಅಲ್ಲಿಯ ಜೇಡಿಮಣ್ಣಿನ ಹಂಚು, ಗಡಿಗೆಗಳಿಗೆ ಹೆಸರಿದೆ, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿದೆ. ಬಣ್ಣ ಹಚ್ಚದ, ಹೊಳಪು ಕೊಡದ ಒಂದು ಸಣ್ಣ ಹರವಿ ತಗೊಂಡು ಬಾ. ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡು. ಆಮೇಲೆ ಅದರ ಹೊರಮೈಗೆ ತೆಳುವಾಗಿ ಪಾಚಿ ಹಚ್ಚಿ, ಪುಟ್ಟ ಗಿಡಗಳನ್ನು ದಾರದಿಂದ ಕಟ್ಟಿ, ಒಳಗೆ ನೀರು ತುಂಬಿ ತೂಗುಹಾಕು. ಗೋಡೆಯಿಂದ ಒಸರಿದ ನೀರು ಆವಿಯಾಗುವಾಗ ಹರವಿಯ ಮೈ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಕುಡಿಯುವ ನೀರು ತಣ್ಣಗಾಗುವುದೂ ಹಾಗೆಯೇ ತಾನೆ. ಬೇರುಗಳು ಆ ತಣ್ಣನೆಯ ಒದ್ದೆ ಮೈಯನ್ನು ಅಪ್ಪಿಕೊಂಡು ಬೆಳೆಯುತ್ತವೆ. ಬೆಳಗಾವಿಯ ಬೇಸಿಗೆ ಒಣದ್ದಾದ್ದರಿಂದ ಈ ಉಪಾಯ ಇಲ್ಲಿ ಕಾರವಾರಕ್ಕಿಂತ, ಗೋವೆಗಿಂತ ಚೆನ್ನಾಗಿ ನಡೆಯುತ್ತದೆ. ಅಲ್ಲಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಆವಿಯಾಗಲು ಜಾಗವಿಲ್ಲ. ಡೆಸರ್ಟ್ ಕೂಲರಿಗೂ ಇದೇ ಲೆಕ್ಕ. ಏಪ್ರಿಲಿನಲ್ಲಿ ಕೆಲಸ ಮಾಡುತ್ತದೆ, ಜುಲೈನಲ್ಲಿ ಹಚ್ಚಿ ಪ್ರಯೋಜನವಿಲ್ಲ.

ಹರವಿಗೆ ಬೋರ್ ನೀರು ತುಂಬಬೇಡ. ನೀರು ಆವಿಯಾಗುತ್ತದೆ, ಉಪ್ಪು ಹೊರಮೈಯಲ್ಲಿ ಬಿಳಿ ಪದರವಾಗಿ ಉಳಿಯುತ್ತದೆ, ಬೇರಿನ ತುದಿ ಸುಡುತ್ತದೆ. ಪುಟ್ಟ ಆರ್ಕಿಡ್‌ಗಳು, ಅದರಲ್ಲೂ ಬೆಟ್ಟದವು, ಹುಟ್ಟಿದಂದಿನಿಂದ ಮಳೆ, ಮಂಜು ಬಿಟ್ಟು ಬೇರೆ ನೀರು ಕಂಡಿಲ್ಲ. ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಅಗ್ಗಕ್ಕೆ ಸಿಗುತ್ತದೆ. 100ರ ಒಳಗಿದ್ದರೆ ನಿಶ್ಚಿಂತೆ, ಮಾಸ್ಡೆವಾಲಿಯಾದಂಥವಕ್ಕೆ 50ರ ಒಳಗಿದ್ದರೆ ಒಳ್ಳೆಯದು. ನಮ್ಮ ಊರಿನ ನಳದ ನೀರು ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳದ್ದು. ಅಂಥ ನೀರು ಸಾಮಾನ್ಯವಾಗಿ ಬೋರ್ ನೀರಿನಷ್ಟು ಗಡಸಿರುವುದಿಲ್ಲ, ಆದರೂ ಅಳೆದೇ ನೋಡು. ಎಲ್ಲಕ್ಕಿಂತ ಒಳ್ಳೆಯದು ಮಳೆನೀರು, ಅದಕ್ಕೆ ನಮಗೆ ಕೊರತೆ ಏನಿದೆ? ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 1,200 ಮಿಲಿಮೀಟರ್ ಹಿಡಿದರೂ 12 ಚದರ ಮೀಟರ್ ಪತರಾದ ಮೇಲೆ 14,000 ಲೀಟರಿಗೂ ಹೆಚ್ಚು ಬೀಳುತ್ತದೆ. ನಿನಗೆ ಬೇಕಾದದ್ದು ಎರಡು ಡ್ರಮ್. ಮೊದಲ ಒಂದೆರಡು ಅಡ್ಡಮಳೆಯ ನೀರು ಪತರಾದ ಧೂಳು ತೊಳೆದು ಹೋಗಲಿ, ಮಿರಗದ ಮಳೆ ಹಿಡಿದ ಮೇಲೆ ತುಂಬಿಸು. ಡ್ರಮ್ಮಿಗೆ ಬಟ್ಟೆ ಬಿಗಿದು ಕಟ್ಟಿ ಮುಚ್ಚಳ ಹಾಕು, ಸೊಳ್ಳೆ ಸೇರಬಾರದು.

ಗೊಬ್ಬರ ಬಹಳ ಬೇಡ. ಪೊಟ್ಟಣದ ಮೇಲೆ ಬರೆದದ್ದರ ಕಾಲು ಭಾಗವನ್ನು ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ ಕೊಡು, ಮಧ್ಯೆ ಬರೀ ನೀರಿನಿಂದ ತೊಳೆ. ತೆಂಗಿನ ಸಿಪ್ಪೆ ಬಳಸುವುದಾದರೆ ಹಲವು ಸಲ ನೆನೆಸಿ ನೀರು ಚೆಲ್ಲು, ಅದರಲ್ಲೂ ಉಪ್ಪಿರುತ್ತದೆ. ಮಳೆಗಾಲದ ರಾತ್ರಿ ಬ್ಯಾಟರಿ ಹಿಡಿದು ಬಸವನಹುಳು ಹುಡುಕು. ಒಂದೇ ಒಂದು ಹುಳು ಸಾಕು, ಒಂದು ರಾತ್ರಿಯಲ್ಲಿ ಪುಟ್ಟ ಗಿಡದ ಎಲ್ಲ ಹೊಸ ಬೇರಿನ ತುದಿಗಳನ್ನೂ ತಿಂದುಬಿಡುತ್ತದೆ.

ಇಷ್ಟಾದ ಮೇಲೂ ಮಾಸ್ಡೆವಾಲಿಯಾ ಬೇಕೇ ಬೇಕು ಎನ್ನುತ್ತೀಯಾ? ನಾನು ತಡೆಯುವುದಿಲ್ಲ, ಆದರೆ ಅದನ್ನು ಬೆಳಗಾವಿಯ ಹವೆಯಲ್ಲಿ ಸಾಕುತ್ತೇನೆ ಎಂಬ ಲೆಕ್ಕ ಬಿಡು. ಅದಕ್ಕೆ ಬೇರೆ ಹವೆಯನ್ನೇ ಮನೆಯೊಳಗೆ ಕಟ್ಟಬೇಕು. ಗಾಜಿನ ಪೆಟ್ಟಿಗೆ, ಒಳಗೆ ಹಗಲಿರುಳು ತಿರುಗುವ ಕಂಪ್ಯೂಟರಿನ ಸಣ್ಣ ಫ್ಯಾನ್, ದಿನಕ್ಕೆ 12 ತಾಸು ಎಲ್‌ಇಡಿ ದೀಪ, ರಾತ್ರಿಗೆ ತಂಪು. ಕೆಲವರು ಪಾನೀಯ ಇಡುವ ಗಾಜಿನ ಬಾಗಿಲಿನ ಫ್ರಿಜ್ಜನ್ನೇ ಬದಲಾಯಿಸಿಕೊಂಡು, ಹಗಲಿಗೆ 22, ರಾತ್ರಿಗೆ 12 ಎಂದು ಟೈಮರ್ ಹಚ್ಚಿ ಒಳಗೆ ಗಿಡ ಇಡುತ್ತಾರೆ. ಎಸಿ ಹಚ್ಚಿ ಮಲಗುವ ಕೋಣೆಯಲ್ಲಿ ಪೆಟ್ಟಿಗೆ ಇಟ್ಟರೆ ಅರ್ಧ ಕೆಲಸ ಆಗುತ್ತದೆ, ಪೂರ್ತಿ ಆಗುವುದಿಲ್ಲ. 24ಕ್ಕೆ ಇಟ್ಟ ಎಸಿ ನಮಗೆ ಹಿತ, ಆ ಗಿಡಕ್ಕೆ ಸಾಲದು. ಕರೆಂಟು ಹೋದರೆ ಏನು ಮಾಡುತ್ತೀ ಎಂಬುದನ್ನು ಪೆಟ್ಟಿಗೆ ಕೊಳ್ಳುವ ಮೊದಲೇ ಯೋಚಿಸು. ಫ್ಯಾನಿಗೆ ಬ್ಯಾಟರಿ ಜೋಡಿಸಿರಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿ ನಿಂತರೆ ಬಿಸಿಗಿಂತ ಮೊದಲು ಕೊಳೆಯೇ ಗಿಡವನ್ನು ತಿನ್ನುತ್ತದೆ. ಖರ್ಚು, ಕರೆಂಟಿನ ಬಿಲ್ಲು ಎಲ್ಲ ಅಪ್ಪನ ಜೊತೆ ಕೂತು ಮಾತಾಡಿಕೊ. ಅದನ್ನು ಮಾಡುವುದೇ ಆದರೆ ನ್ಯೂ ಗಿನಿಯ ಎತ್ತರದ ಬೆಟ್ಟಗಳ ಡೆಂಡ್ರೋಬಿಯಂ ಕತ್‌ಬರ್ಟ್‌ಸೋನಿಯೈ ಒಂದನ್ನೂ ಸೇರಿಸಿಕೊ. ಕೆಲವೇ ಸೆಂಟಿಮೀಟರ್ ಗಿಡ, ಗಿಡಕ್ಕಿಂತ ದೊಡ್ಡ ಹೂ. ತಂಪು ಸರಿಯಾಗಿ ಸಿಕ್ಕರೆ ಒಂದೊಂದು ಹೂವೂ ತಿಂಗಳುಗಟ್ಟಲೆ ಬಾಡದೆ ನಿಲ್ಲುತ್ತದೆ.

ಅದಕ್ಕೆ ಮೊದಲು ನಡುವಿನ ಒಂದು ಮೆಟ್ಟಿಲಿದೆ. ಮಾಸ್ಡೆವಾಲಿಯಾದಲ್ಲೇ ಬ್ರೆಜಿಲ್ಲಿನ ಇನ್‌ಫ್ರಾಕ್ಟಾ, ಮೆಕ್ಸಿಕೋ ಕಡೆಯ ಫ್ಲೋರಿಬಂಡಾ ಕಡಿಮೆ ಎತ್ತರದವು, ಬೆಚ್ಚನೆಯ ರಾತ್ರಿಯನ್ನು ಉಳಿದವುಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ. ಹರವಿಯ ಮೈಗೆ ಕಟ್ಟಿ, ಹಿತ್ತಲಿನ ಅತಿ ತಣ್ಣನೆಯ ಮೂಲೆಯಲ್ಲಿಟ್ಟು, ಇವುಗಳ ಮೇಲೆ ಕೈ ಪಳಗಿಸಿಕೊ.

ಕೊಳ್ಳುವಾಗ ನರ್ಸರಿಯಲ್ಲಿ ಬೀಜದಿಂದ ಅಥವಾ ಅಂಗಾಂಶ ಕೃಷಿಯಿಂದ ಬೆಳೆಸಿದ್ದನ್ನೇ ಕೇಳು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಯಿಸಿ ತೋರಿಸಿದ ಮೇಲೆ ಆರ್ಕಿಡ್‌ಗಳು ಬಾಟಲಿಯಲ್ಲಿ ಸಾವಿರಗಟ್ಟಲೆ ಹುಟ್ಟತೊಡಗಿದವು. ಈಗ ಕಾಡಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಗಿಡದ ಜೊತೆ ಪೂರ್ತಿ ಸಸ್ಯಶಾಸ್ತ್ರೀಯ ಹೆಸರಿನ ಚೀಟಿ ಇರಬೇಕು. ಮಿನಿ ಆರ್ಕಿಡ್ ಎಂದಷ್ಟೇ ಬರೆದಿದ್ದರೆ ಅದರ ಊರು ಯಾವುದು, ಎತ್ತರ ಎಷ್ಟು ಎಂದು ನೀನು ಹುಡುಕುವುದಾದರೂ ಹೇಗೆ? ಕಾಲಿಂಪಾಂಗ್, ಸಿಕ್ಕಿಂ, ಕೇರಳದ ಕಡೆ ಒಳ್ಳೆಯ ಬೆಳೆಗಾರರಿದ್ದಾರೆ. ಸಿಕ್ಕಿಂನ ಪಾಕ್ಯೋಂಗ್‌ನಲ್ಲಿ 1996ರಿಂದ ಕೇಂದ್ರ ಸರ್ಕಾರದ ಆರ್ಕಿಡ್ ಸಂಶೋಧನಾ ಕೇಂದ್ರವಿದೆ, ಅವರ ಪ್ರಕಟಣೆಗಳನ್ನು ಓದು. ನಮ್ಮ ಜಿಲ್ಲೆಯ ಅರಭಾವಿಯ ತೋಟಗಾರಿಕೆ ಕಾಲೇಜಿಗೂ ಒಮ್ಮೆ ಹೋಗಿ ಬಾ. ಬೆಂಗಳೂರಿಗೆ ಹೋಗುವುದಿದ್ದರೆ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಹೊತ್ತಿನ ಲಾಲ್‌ಬಾಗ್ ಪ್ರದರ್ಶನದ ಗಿಡದ ಅಂಗಡಿಗಳನ್ನು ನೋಡು, ಕೈಯಲ್ಲಿ ಹಿಡಿದು ಬೇರು ಪರೀಕ್ಷಿಸಬಹುದು.

ಕೊರಿಯರಿನಲ್ಲಿ ತರಿಸುವುದಾದರೆ ಏಪ್ರಿಲ್, ಮೇ ಬಿಡು. ಲಾರಿಯೊಳಗೆ, ಗೋದಾಮಿನೊಳಗೆ ಗಿಡ ಬೇಯುತ್ತದೆ. ಜುಲೈ ಹೊತ್ತಿಗೆ ತರಿಸಿದರೆ ಹೊಸ ಬೇರು ಬಿಡಲು ಮುಂದೆ ಮೂರು ತಿಂಗಳ ತೇವ ಇರುತ್ತದೆ, ಚಳಿ ಬರುವ ಹೊತ್ತಿಗೆ ಗಿಡ ಹಿಡಿದುಕೊಂಡಿರುತ್ತದೆ. ಪೆಟ್ಟಿಗೆ ಬಂದ ದಿನ ಬಿಸಿಲಿಗಿಡಬೇಡ, ಗೊಬ್ಬರ ಕೊಡಬೇಡ. ಕೊಳೆತ ಬೇರನ್ನು ಸುಟ್ಟು ಆರಿಸಿದ ಕತ್ತರಿಯಿಂದ ಕತ್ತರಿಸಿ, ಉಳಿದ ಗಿಡಗಳಿಂದ ಎರಡು ವಾರ ದೂರ ಇಡು. ನಿನ್ನ ಡ್ರಮ್ ಅಷ್ಟರಲ್ಲಿ ತುಂಬದಿದ್ದರೆ ನಮ್ಮ ಮನೆಗೆ ಬಾ, ಹಿತ್ತಲ ಬಾಗಿಲ ಹತ್ತಿರ ಮಳೆನೀರಿನ ಡ್ರಮ್ ಇದೆ, ಕ್ಯಾನ್ ತಂದು ಎಷ್ಟು ಬೇಕೋ ಅಷ್ಟು ಒಯ್ಯಿ. ಬರುವಾಗ ರಾತ್ರಿಯ ಅಂಕಿ ಬರೆದ ಆ ವಹಿಯನ್ನೂ ತಗೊಂಡು ಬಾ, ಯಾವ ಗಿಡ ತರಿಸಬೇಕೆಂದು ಅದನ್ನು ಮುಂದಿಟ್ಟುಕೊಂಡೇ ಪಟ್ಟಿ ಮಾಡೋಣ.